ಸಂಘದ ಕಟ್ಟಡಕ್ಕೆ ಕರೆಂಟ್ ಕೆಲಸ: ಲೈಸೆನ್ಸ್ ಇರುವವರಿಂದಲೇ ಮಾಡಿಸುವುದು ಹೇಗೆ?

ಕೊಡಗಿನ ಯಾವ ಊರಿಗೆ ಹೋದರೂ ಒಂದು ಸಂಘದ ಕಟ್ಟಡ ಇದ್ದೇ ಇರುತ್ತದೆ. ಯುವಕ ಸಂಘ, ಮಹಿಳಾ ಸಮಾಜ, ಕೊಡವ ಸಮಾಜ, ಗೌಡ ಸಮಾಜ, ಸ್ಪೋರ್ಟ್ಸ್ ಕ್ಲಬ್, ಸಮುದಾಯ ಭವನ, ಹೆಸರು ಯಾವುದಾದರೂ ಇರಲಿ. ಹೆಚ್ಚಿನವು ಒಂದೇ ಸಲಕ್ಕೆ ಎದ್ದ ಕಟ್ಟಡಗಳಲ್ಲ. ಮೊದಲು ಒಂದು ಕೋಣೆ. ಆಮೇಲೆ ದಾನಿಗಳ ದುಡ್ಡಲ್ಲಿ ಸ್ಟೇಜ್. ಅನುದಾನ ಬಂದಾಗ ಅಡುಗೆಮನೆ, ಶೌಚಾಲಯ. ಕಟ್ಟಡ ಬೆಳೆದ ಹಾಗೇ ವೈರೂ ಬೆಳೆದಿರುತ್ತದೆ. ಸ್ಟೇಜಿನ ಪ್ಲಗ್ಗಿಗೆ ಲೈನ್ ಎಲ್ಲಿಂದ ಬಂದಿದೆ ಅಂತ ಕೇಳಿ ನೋಡಿ, ಈಗಿನ ಸಮಿತಿಯಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಎಳೆದ ಹುಡುಗ ಬೆಂಗಳೂರು ಸೇರಿರುತ್ತಾನೆ. ಎಳೆಸಿದ ಕಾರ್ಯದರ್ಶಿ ಸಮಿತಿ ಬಿಟ್ಟು ಎಷ್ಟೋ ವರ್ಷ ಆಗಿರುತ್ತದೆ.

ಮನೆಯಲ್ಲಿ ಹಾಗಲ್ಲ. ಯಾವ ಸ್ವಿಚ್ ಕೈ ಕೊಡುತ್ತದೆ, ಯಾವ ಪ್ಲಗ್ಗಿಗೆ ಇಸ್ತ್ರಿಪೆಟ್ಟಿಗೆ ಹಾಕಬಾರದು ಅಂತ ಮನೆಯವರಿಗೆಲ್ಲ ಗೊತ್ತು. ಸಂಘದ ಹಾಲ್‌ಗೆ ಬರುವ ಅಡುಗೆಯವರು, ಮೈಕ್ ಸೆಟ್‌ನವರು, ಡಾನ್ಸ್ ಕಲಿಯುವ ಮಕ್ಕಳು, ಇವರಿಗೆ ಯಾರು ಹೇಳಬೇಕು? 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಇಂಥ ಹಾಲ್‌ಗಳು, ಶಾಲೆಗಳೇ ಪರಿಹಾರ ಕೇಂದ್ರಗಳಾದವು. ಅಂಥ ದಿನ ಒದ್ದೆ ನೆಲದ ಮೇಲೆ ಜನ ಮಲಗಿರುತ್ತಾರೆ, ಒಂದೇ ಬೋರ್ಡಿನಲ್ಲಿ ಹತ್ತಾರು ಮೊಬೈಲ್ ಚಾರ್ಜ್ ಆಗುತ್ತಿರುತ್ತವೆ.

ಸಮಿತಿ ಬದಲಾಗುತ್ತಲೇ ಇರುತ್ತದೆ, ಗೋಡೆಯೊಳಗಿನ ವೈರ್ ಹಾಗೇ ಉಳಿಯುತ್ತದೆ. ಹಾಗಾಗಿ ಕೆಲಸ ಮಾಡಿದವರು ಯಾರು, ಏನು ಮಾಡಿದರು, ಏನು ಅಳೆದು ನೋಡಿದರು ಅನ್ನುವುದು ಸಂಘದ ಫೈಲಿನಲ್ಲಿ ಇರಬೇಕು. ಲೈಸೆನ್ಸ್ ಇರುವ ಗುತ್ತಿಗೆದಾರರನ್ನು ಹಿಡಿಯುವುದರ ದೊಡ್ಡ ಲಾಭ ನನ್ನ ಪ್ರಕಾರ ಇದೇ. ಅದನ್ನು ಹೇಗೆ ಮಾಡುವುದು ಅಂತ ಒಂದೊಂದಾಗಿ ನೋಡೋಣ.

1. ನಾವೇ ಮಾಡಬಹುದಾದದ್ದು ಯಾವುದು?

ಬಲ್ಬ್ ಹೋದರೆ ಗುತ್ತಿಗೆದಾರರನ್ನು ಕರೆಸಬೇಕಾಗಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಮೊದಲು 2010ರ ನಿಯಮಗಳಿದ್ದವು, 2023ರಲ್ಲಿ ಹೊಸವು ಬಂದವು. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಹಾಳಾದರೆ ಅದೇ ಜಾಗಕ್ಕೆ ಅದೇ ಥರದ್ದನ್ನು ಹಾಕಬಹುದು. ಅದು ಬಿಟ್ಟು ಹೊಸ ಲೈನ್ ಎಳೆಯುವುದು, ಪಾಯಿಂಟ್ ಜಾಸ್ತಿ ಮಾಡುವುದು, ಮೀಟರ್ ಬೋರ್ಡ್ ಬದಲಿಸುವುದು, ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ) ಮಾಡುವುದು, ರಿಪೇರಿ ಮಾಡುವುದು, ಇದೆಲ್ಲ ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರರ ಕೆಲಸ. ಅಲ್ಲೂ ಸೂಪರ್‌ವೈಸರ್‌ಗೆ ಅರ್ಹತಾ ಪತ್ರ, ವೈರ್‌ಮನ್‌ಗೆ ಪರ್ಮಿಟ್ ಇರಬೇಕು.

ಫ್ಯಾನ್ ಬದಲಿಸುವುದಾದರೂ ಮೇನ್ ಆಫ್ ಮಾಡಿಯೇ ಏಣಿ ಹತ್ತಬೇಕು. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೇ ವೈರಿಂಗ್‌ನಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ, ಅಂದರೆ ಕರೆಂಟ್ ವಾಪಸ್ ಹೋಗುವ ವೈರಿಗೆ, ಕೊಟ್ಟುಬಿಟ್ಟಿರುವುದು ಉಂಟು. ಆಗ ಸ್ವಿಚ್ ಆಫ್ ಇದ್ದರೂ ಫ್ಯಾನಿನವರೆಗೆ ಕರೆಂಟ್ ಇದ್ದೇ ಇರುತ್ತದೆ.

ಇಲ್ಲಿ ಬರುವ ಮುಖ್ಯ ತಕರಾರು ನಮಗೆಲ್ಲ ಗೊತ್ತಿರುವುದೇ. "ನಮ್ಮ ಹುಡುಗ ಇದ್ದಾನಲ್ಲ, ಐಟಿಐ ಮಾಡಿದ್ದಾನೆ, ಭಾನುವಾರ ಬಂದು ಮಾಡಿಕೊಡ್ತಾನೆ ಬಿಡಿ." ಹುಡುಗ ಒಳ್ಳೆಯವನೇ, ಕೆಲಸವೂ ಬರುತ್ತಿರಬಹುದು. ಆದರೆ ಐಟಿಐ ಸರ್ಟಿಫಿಕೇಟ್ ಲೈಸೆನ್ಸ್ ಅಲ್ಲ. ನಾಳೆ ಅಡುಗೆಯವರಿಗೆ ಶಾಕ್ ಹೊಡೆದರೆ ಪುಕ್ಕಟೆ ಕೆಲಸ ಮಾಡಿಕೊಟ್ಟ ಆ ಹುಡುಗನೇ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗಬಹುದು, ಜೊತೆಗೆ ಅಧ್ಯಕ್ಷರು, ಕಾರ್ಯದರ್ಶಿಯೂ. ಅವನ ಮೇಲೆ ಪ್ರೀತಿ ಇದ್ದರೆ ಲೈಸೆನ್ಸ್ ಇರುವವರ ಕೈಕೆಳಗೆ ಅವನಿಗೆ ಕೆಲಸ ಕೊಡಿಸಿ.

ಲೈನ್‌ಮನ್‌ಗಳ ವಿಷಯವೂ ಹೀಗೇ. ಕಂಬದಿಂದ ಮೀಟರ್‌ವರೆಗಿನ ಕೆಲಸ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು, ನಾವು ಸೆಸ್ಕ್ ಅನ್ನುತ್ತೇವಲ್ಲ, ಅದರದ್ದು. ಮೀಟರ್ ದಾಟಿದ ಮೇಲೆ ಜವಾಬ್ದಾರಿ ಸಂಘದ್ದು. ಪರಿಚಯದ ಲೈನ್‌ಮನ್‌ಗೆ ಕಾಫಿ ಕುಡಿಸಿ ಒಳಗಿನ ವೈರಿಂಗ್ ಮಾಡಿಸಿಕೊಂಡರೆ ಅದಕ್ಕೆ ದಾಖಲೆಯೂ ಇಲ್ಲ, ಕೇಳುವವರೂ ಇಲ್ಲ.

2. ಬಿಲ್ ತೆಗೆದು ಲೋಡ್ ಲೆಕ್ಕ ಹಾಕಿ

ಗುತ್ತಿಗೆದಾರರನ್ನು ಹುಡುಕುವ ಮೊದಲು ಕರೆಂಟ್ ಬಿಲ್ ನೋಡಿ. ಮೂರು ವಿಷಯ ಬರೆದಿಟ್ಟುಕೊಳ್ಳಿ. ಆರ್.ಆರ್. ನಂಬರ್, ಸಂಪರ್ಕ ಯಾರ ಹೆಸರಿನಲ್ಲಿದೆ, ಮಂಜೂರಾದ ಲೋಡ್, ಅಂದರೆ ಒಟ್ಟಿಗೆ ಬಳಸಲು ಒಪ್ಪಿಗೆ ಸಿಕ್ಕ ಕರೆಂಟ್, ಎಷ್ಟು. ಎಷ್ಟೋ ಸಂಘಗಳ ಬಿಲ್ಲು ಇವತ್ತಿಗೂ ತೀರಿಹೋದ ಯಾರೋ ಹಿರಿಯರ ಹೆಸರಿನಲ್ಲೇ ಬರುತ್ತಿರುತ್ತದೆ. ಈ ನೆಪದಲ್ಲಿ ಅದನ್ನೂ ಸಂಘದ ಹೆಸರಿಗೆ ಮಾಡಿಸಿಕೊಳ್ಳಿ.

ಈಗ ಲೋಡ್. ಒಂದು ಸಾಧಾರಣ ಹಾಲ್ ಅಂತ ಇಟ್ಟುಕೊಳ್ಳಿ. ಹತ್ತು ಫ್ಯಾನ್, ಒಂದಕ್ಕೆ 75 ವ್ಯಾಟ್, ಒಟ್ಟು 750. ಇಪ್ಪತ್ತು ಎಲ್‌ಇಡಿ ಟ್ಯೂಬ್, ಒಂದಕ್ಕೆ 20, ಒಟ್ಟು 400. ಅಡುಗೆಮನೆಯಲ್ಲಿ ಒಂದು ಎಚ್‌ಪಿ ಗ್ರೈಂಡರ್ ಸುಮಾರು 750, ಮಿಕ್ಸಿ 750, ಗೀಸರ್ 2,000. ಮೈಕ್ ಸೆಟ್‌ಗೆ 1,000 ಹಿಡಿಯಿರಿ. ಎಲ್ಲ ಸೇರಿ 5,650 ವ್ಯಾಟ್. ಅದನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಹತ್ತಿರ ಹತ್ತಿರ 25 ಆಂಪಿಯರ್ ಆಯಿತು. ಬಿಲ್ಲಿನಲ್ಲಿ ಎರಡು ಕಿಲೋವ್ಯಾಟ್ ಅಂತ ಇದ್ದರೆ ಮದುವೆ ದಿನ ಫ್ಯೂಸ್ ಹೋಗದೆ ಇನ್ನೇನಾಗುತ್ತದೆ? ಆಗ ಯಾರೋ ದಪ್ಪ ತಂತಿ ಸುತ್ತಿ ಫ್ಯೂಸ್ ಹಾಕುತ್ತಾರೆ. ಫ್ಯೂಸ್ ಹೋಗುವುದು ನಿಲ್ಲುತ್ತದೆ, ಅದರ ಬದಲು ಗೋಡೆಯೊಳಗೆ ವೈರ್ ಬಿಸಿಯಾಗಲು ಶುರುವಾಗುತ್ತದೆ.

ಲೋಡ್ ಜಾಸ್ತಿ ಮಾಡಿಸಬೇಕಾದರೆ ಸೆಸ್ಕ್‌ಗೆ ಅರ್ಜಿ ಹಾಕಬೇಕು. ಅದಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರು ಸಹಿ ಮಾಡಿದ ವೈರಿಂಗ್ ಕಾಗದಗಳು ಬೇಕಾಗುತ್ತವೆ. ಅಂದರೆ ಗುತ್ತಿಗೆದಾರರು ಹೇಗೂ ಬರಲೇಬೇಕು, ಮೊದಲೇ ಬರಲಿ.

ಇನ್ನೊಂದು ಮಾತು. ಸಂಪರ್ಕ ಮನೆ ಬಳಕೆಯ ದರದಲ್ಲಿದ್ದು ಹಾಲನ್ನು ಮದುವೆಗೆ ಬಾಡಿಗೆ ಕೊಡುತ್ತಿದ್ದರೆ ಅದು ಮಂಜೂರಾತಿಗೆ ಹೊರತಾದ ಬಳಕೆ. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ದರದ ಎರಡು ಪಟ್ಟು ಲೆಕ್ಕ ಹಾಕಿ ವಸೂಲಿ ಮಾಡಬಹುದು. ಪಕ್ಕದ ಮನೆಯಿಂದ ವೈರ್ ಎಳೆದು ಹಾಲ್‌ಗೆ ಕೊಡುವುದೂ ಬೇಡ. 2023ರ ಗೃಹಜ್ಯೋತಿ ಬಂದ ಮೇಲೆ "ಅವರಿಗೆ ಹೇಗೂ ಫ್ರೀ ಅಲ್ವಾ" ಅನ್ನುವ ಮಾತು ಕೇಳಿಬರುತ್ತದೆ. ಆ ಯೋಜನೆ ಮನೆ ಬಳಕೆಗೆ ಮಾತ್ರ. ಉಪಕಾರ ಮಾಡಲು ಬಂದ ಪಕ್ಕದ ಮನೆಯವರನ್ನೇ ಸಿಕ್ಕಿಸಿ ಹಾಕಿದ ಹಾಗಾಗುತ್ತದೆ.

3. ಕಟ್ಟಡ ಯಾರದ್ದು, ತೀರ್ಮಾನ ಯಾರದ್ದು?

ಇದನ್ನು ಬೇಗ ಮುಗಿಸೋಣ. ಕಟ್ಟಡ ಪಂಚಾಯಿತಿಯದ್ದೋ ಶಾಲೆಯದ್ದೋ ಆಗಿದ್ದರೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸರ್ಕಾರಿ ಅನುದಾನದ ಕೆಲಸವಾದರೆ ಯಾವ ಇಲಾಖೆ ಅಥವಾ ಏಜೆನ್ಸಿ ಮಾಡಿಸಬೇಕು ಅಂತ ಮೊದಲೇ ಕೇಳಿ. ಸಂಘದ ಸ್ವಂತ ದುಡ್ಡಾದರೆ ಸಮಿತಿ ಸಭೆಯಲ್ಲಿ ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆದ ಸಂಘಕ್ಕೆ ಲೆಕ್ಕ ಪರಿಶೋಧನೆಯ ಹೊತ್ತಲ್ಲಿ ಇದು ಬೇಕೇ ಬೇಕು. ಗುತ್ತಿಗೆದಾರರ ಜೊತೆ ಮಾತಾಡಲು ಒಬ್ಬರನ್ನೇ ನೇಮಿಸಿ. ಅಧ್ಯಕ್ಷರು ಒಂದು ಹೇಳಿ, ಖಜಾಂಚಿ ಇನ್ನೊಂದು ಹೇಳಿ, ಊರಿನ ಹಿರಿಯರು ಬಂದು "ಇಲ್ಲೊಂದು ಪಾಯಿಂಟ್ ಇಡಪ್ಪ" ಅಂದರೆ ಕೆಲಸ ಯಾವತ್ತೂ ಮುಗಿಯುವುದಿಲ್ಲ.

4. ಲೈಸೆನ್ಸ್ ಕಣ್ಣಾರೆ ನೋಡಿ

ಕರ್ನಾಟಕದಲ್ಲಿ ಗುತ್ತಿಗೆದಾರರ ಲೈಸೆನ್ಸ್, ಸೂಪರ್‌ವೈಸರ್ ಮತ್ತು ವೈರ್‌ಮನ್‌ಗಳ ಪರ್ಮಿಟ್ ಕೊಡುವುದು ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ ಇಲಾಖೆ. ಸೆಸ್ಕ್ ಬೇರೆ, ಇದು ಬೇರೆ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ವಿಚಾರಿಸಿದರೆ ಹೆಸರುಗಳು ಸಿಗುತ್ತವೆ. ಸೆಸ್ಕ್ ಸೆಕ್ಷನ್ ಆಫೀಸಿನಲ್ಲಿ ಹೊಸ ಸಂಪರ್ಕದ ಅರ್ಜಿಗಳಿಗೆ ಯಾರು ಸಹಿ ಹಾಕುತ್ತಾರೆ ಅಂತ ಕೇಳಿದರೂ ಗೊತ್ತಾಗುತ್ತದೆ.

ಹೆಸರು ಸಿಕ್ಕ ಮೇಲೆ ನಾಚಿಕೆ ಬಿಟ್ಟು ಕೇಳಿ. ನಿಜವಾದ ಗುತ್ತಿಗೆದಾರರು ಬೇಸರ ಮಾಡಿಕೊಳ್ಳುವುದಿಲ್ಲ. ಲೈಸೆನ್ಸಿನ ಮೇಲೆ ನಂಬರ್ ಮತ್ತು ಹೆಸರು ಓದಿ. ಅವಧಿ ಯಾವಾಗ ಮುಗಿಯುತ್ತದೆ ನೋಡಿ, ನವೀಕರಿಸದ ಲೈಸೆನ್ಸ್ ಇದ್ದೂ ಇಲ್ಲದ ಹಾಗೆ. ಲೈಸೆನ್ಸ್‌ಗಳಲ್ಲಿ ದರ್ಜೆಗಳಿವೆ, ನಿಮ್ಮ ಕೆಲಸ ಆ ದರ್ಜೆಗೆ ಹೊಂದುತ್ತದಾ ಅಂತ ಕೇಳಿ. ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಅನುಮಾನ ಬಂದರೆ ಆ ನಂಬರ್ ಹಿಡಿದು ಪರಿವೀಕ್ಷಣಾಲಯದಲ್ಲೇ ವಿಚಾರಿಸಿ.

ಇಲ್ಲಿ ಒಂದು ಕಳ್ಳದಾರಿ ಇದೆ. ಲೈಸೆನ್ಸ್ ಒಬ್ಬರದ್ದು, ಕೆಲಸ ಇನ್ನೊಬ್ಬರದ್ದು. ಕೆಲಸ ಮುಗಿದ ಮೇಲೆ ಕಾಗದಕ್ಕೆ ಮಾತ್ರ ಸಹಿ ಬರುತ್ತದೆ. ಸಹಿ ಮಾಡಿದವರು ನಿಮ್ಮ ಕಟ್ಟಡದ ಗೇಟನ್ನೂ ನೋಡಿರುವುದಿಲ್ಲ. ಇದನ್ನು ಒಪ್ಪಬೇಡಿ. ಲೈಸೆನ್ಸಿನಲ್ಲಿರುವ ಹೆಸರು, ಕೊಟೇಶನ್‌ನಲ್ಲಿರುವ ಹೆಸರು, ಬಿಲ್ಲಿನಲ್ಲಿರುವ ಹೆಸರು ಮೂರೂ ಒಂದೇ ಆಗಿರಬೇಕು. ಕೆಲಸಕ್ಕೆ ಬಂದ ಹುಡುಗರಲ್ಲಿ ಯಾರಿಗೆ ವೈರ್‌ಮನ್ ಪರ್ಮಿಟ್ ಇದೆ, ಸೂಪರ್‌ವೈಸರ್ ಯಾರು, ಯಾವ ದಿನ ಬರುತ್ತಾರೆ ಅಂತ ಮೊದಲ ದಿನವೇ ಕೇಳಿ.

5. ಕೊಟೇಶನ್ ಓದುವುದು

ಮೂವರನ್ನಾದರೂ ಕರೆದು ಜಾಗ ತೋರಿಸಿ. ಜಾಗ ನೋಡದೆ ಫೋನಿನಲ್ಲೇ ರೇಟ್ ಹೇಳುವವರನ್ನು ಅಲ್ಲಿಗೇ ಬಿಡಿ.

ನಮ್ಮ ಕಡೆ ರೇಟ್ ಸಾಮಾನ್ಯವಾಗಿ ಪಾಯಿಂಟ್ ಲೆಕ್ಕದಲ್ಲಿ ಬರುತ್ತದೆ. ಒಬ್ಬರು ಲೇಬರ್ ಮಾತ್ರ ಹೇಳಿರುತ್ತಾರೆ, ಇನ್ನೊಬ್ಬರು ಮೆಟೀರಿಯಲ್ ಸೇರಿಸಿ ಹೇಳಿರುತ್ತಾರೆ. ಸಭೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು "ಇವರದ್ದು ಅರ್ಧಕ್ಕರ್ಧ ಕಮ್ಮಿ" ಅಂತ ಕೈ ಎತ್ತಿಬಿಡುತ್ತೇವೆ. ಹೋಲಿಸುವ ಮೊದಲು ಎಲ್ಲರಿಂದಲೂ ಒಂದೇ ಪಟ್ಟಿಗೆ ರೇಟ್ ತರಿಸಿ.

ಪಟ್ಟಿಯಲ್ಲಿ ಏನಿರಬೇಕು? ವೈರಿನ ಕಂಪನಿ ಮತ್ತು ಅಳತೆ ಇರಬೇಕು. ಲೈಟ್, ಫ್ಯಾನಿಗೆ 1.5 ಚದರ ಮಿಲಿಮೀಟರ್ ವೈರ್, ಗೀಸರ್, ಗ್ರೈಂಡರ್ ಹಾಕುವ 16 ಆಂಪಿಯರ್ ಪ್ಲಗ್ಗಿಗೆ 2.5 ಅಥವಾ 4 ಅನ್ನುವುದು ರೂಢಿ. ಬರೀ "ಒಳ್ಳೆ ಕ್ವಾಲಿಟಿ ವೈರ್" ಅಂತ ಬರೆದಿದ್ದರೆ ಅದು ಏನನ್ನೂ ಹೇಳಿದ ಹಾಗಲ್ಲ. ಐಎಸ್‌ಐ ಗುರುತು, ಬೆಂಕಿ ಬೇಗ ಹರಡದ ಎಫ್‌ಆರ್ ವೈರ್ ಅಂತ ಬರೆಸಿ. ಪ್ರತಿ ಪ್ಲಗ್ಗಿಗೂ ಅರ್ಥ್ ವೈರ್ ಬರುತ್ತದೆ ಅಂತಲೂ ಬರೆಸಿ. ಹಳೇ ಹಾಲ್‌ಗಳಲ್ಲಿ ಮೂರು ತೂತಿನ ಪ್ಲಗ್ ಇರುತ್ತದೆ, ಮೂರನೇ ತೂತಿಗೆ ವೈರೇ ಇರುವುದಿಲ್ಲ.

ಆಮೇಲೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್. ಖರ್ಚು ಕಮ್ಮಿ ಮಾಡಿ ಅಂದಾಗ ಪಟ್ಟಿಯಿಂದ ಮೊದಲು ಹಾರಿಹೋಗುವುದು ಇದೇ. "ಎಂಸಿಬಿ ಇದೆಯಲ್ಲ, ಸಾಕು" ಅನ್ನುತ್ತಾರೆ. ಸಾಕಾಗುವುದಿಲ್ಲ. ಎಂಸಿಬಿ ಅಂದರೆ ಜಾಸ್ತಿ ಕರೆಂಟ್ ಹರಿದಾಗ ತಾನೇ ಬೀಳುವ (ಆಫ್ ಆಗುವ) ಸ್ವಿಚ್, ಅದು ಕಾಯುವುದು ವೈರನ್ನು. 16 ಆಂಪಿಯರ್ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಜಾಸ್ತಿ ಕರೆಂಟ್ ಹರಿಯಬೇಕು. ಮನುಷ್ಯನ ಪ್ರಾಣ ಹೋಗಲು ಅದರ ನೂರರಲ್ಲಿ ಒಂದು ಪಾಲೂ ಬೇಡ. ಶಾಕ್ ಹೊಡೆಯುತ್ತಿದ್ದರೂ ಎಂಸಿಬಿ ತನ್ನ ಪಾಡಿಗೆ ಆನ್ ಆಗಿಯೇ ಇರುತ್ತದೆ. ಆರ್‌ಸಿಸಿಬಿ ನೋಡುವುದು ಹೋದ ಕರೆಂಟ್ ವಾಪಸ್ ಬಂತಾ ಅಂತ. ಮೈ ಮೂಲಕ ಅಥವಾ ಒದ್ದೆ ಗೋಡೆಯ ಮೂಲಕ ಸ್ವಲ್ಪ ಸೋರಿದರೂ ಥಟ್ಟನೆ ಬೀಳುತ್ತದೆ. ಜನರ ಸುರಕ್ಷತೆಗೆ 30 ಮಿಲಿ ಆಂಪಿಯರ್‌ನದ್ದು ಕೇಳಿ. ಅಡುಗೆಮನೆ ಮತ್ತು ಶೌಚಾಲಯಕ್ಕೆ ಒಂದು, ಹಾಲ್ ಮತ್ತು ಸ್ಟೇಜಿಗೆ ಇನ್ನೊಂದು ಹಾಕಿಸಿದರೆ ಗ್ರೈಂಡರ್ ತೊಂದರೆ ಕೊಟ್ಟಾಗ ಇಡೀ ಹಾಲ್ ಕತ್ತಲಾಗುವುದಿಲ್ಲ. ದುಡ್ಡು ಕಮ್ಮಿ ಬಿದ್ದರೆ ಅಲಂಕಾರದ ಲೈಟ್ ಬಿಡಿ, ಇದನ್ನು ಬಿಡಬೇಡಿ.

ನಮ್ಮ ಜಿಲ್ಲೆಗೆ ಅಂತಲೇ ಎರಡು ವಸ್ತು ಸೇರಿಸುತ್ತೇನೆ. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿಗೆ ಸರ್ಜ್ ಪ್ರೊಟೆಕ್ಟರ್. ವೋಲ್ಟೇಜ್ ಏರಿಳಿದಾಗ ಲೈನ್ ಕಡಿಯುವ ಒಂದು ಸಾಧನ. ಮಳೆಗಾಲದಲ್ಲಿ ಮರ ಬಿದ್ದು ಲೈನಿನ ನ್ಯೂಟ್ರಲ್ ತುಂಡಾದರೆ 230 ಬರಬೇಕಾದ ಕಡೆ 400ರ ಹತ್ತಿರ ವೋಲ್ಟೇಜ್ ನುಗ್ಗಬಹುದು. ಸಂಘದ ಟಿವಿ, ಫ್ರಿಜ್, ಆಂಪ್ಲಿಫೈಯರ್ ಎಲ್ಲ ಒಂದೇ ಏಟಿಗೆ ಸುಟ್ಟುಹೋಗುವುದು ಹೀಗೆ.

ದುಡ್ಡು ಕೊಡುವ ವಿಷಯ: ಮುಂಗಡ, ಅರ್ಧ ಕೆಲಸಕ್ಕೆ ಒಂದು ಕಂತು, ಉಳಿದದ್ದು ಟೆಸ್ಟ್ ರಿಪೋರ್ಟ್ ಕೈಗೆ ಬಂದ ಮೇಲೆ. ಸಂಘದ ಖಾತೆಯಿಂದ ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಿ. ಬಿಲ್ ಸಂಘದ ಹೆಸರಿಗೇ ಬರಲಿ. ಕೆಲಸದವರಿಗೆ ಇನ್ಶೂರೆನ್ಸ್ ಇದೆಯಾ ಅಂತಲೂ ಒಂದು ಮಾತು ಕೇಳಿ.

6. ಕೆಲಸ ಯಾವಾಗ ಇಟ್ಟುಕೊಳ್ಳಬೇಕು?

ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕೊಯ್ಲು, ಅದರ ಬೆನ್ನಿಗೇ ಕರಿಮೆಣಸು. ಸಂಘದವರು ಯಾರೂ ಕೈಗೆ ಸಿಗುವುದಿಲ್ಲ. ಏಪ್ರಿಲ್, ಮೇಯಲ್ಲಿ ಮದುವೆ. ಜೂನ್‌ನಿಂದ ಮಳೆ. ಹಾಗಾಗಿ ಮೆಣಸಿನ ಕೆಲಸ ಸ್ವಲ್ಪ ಉಳಿದಿದ್ದರೂ ಮಾರ್ಚ್ ಒಳ್ಳೆಯದು. ಜನವರಿಯಲ್ಲೇ ಕೊಟೇಶನ್ ತರಿಸಿಟ್ಟರೆ ಮಾರ್ಚ್‌ಗೆ ಕೆಲಸ ಹಿಡಿಸಬಹುದು. ಕೈಲ್ ಪೊಳ್ದ್ ಹಬ್ಬಕ್ಕೆ ಹದಿನೈದು ದಿನ ಇರುವಾಗ, ಸುರಿಯುವ ಮಳೆಯಲ್ಲಿ ಗೋಡೆ ಕೊರೆಸುವ ಕಷ್ಟ ಯಾಕೆ?

ಕೆಲಸ ನಡೆಯುವ ದಿನಗಳಲ್ಲಿ ಹಾಲ್ ಯಾರಿಗೂ ಕೊಡಬೇಡಿ. "ಬರೀ ಒಂದು ಗಂಟೆ ಮೀಟಿಂಗ್" ಅಂದರೂ ಕೊಡಬೇಡಿ. ಮೇನ್ ಆಫ್ ಮಾಡಿ ಕೆಲಸ ಮಾಡುತ್ತಿರುವಾಗ ಯಾರೋ ಬಂದು ಆನ್ ಮಾಡುವುದೇ ದೊಡ್ಡ ಅಪಾಯ. ಮೀಟರ್ ಬೋರ್ಡಿಗೆ ಬೀಗ ಹಾಕಿ, ಕೀ ವೈರ್‌ಮನ್ ಹತ್ತಿರ ಇರಲಿ.

ಏಣಿಯ ಬಗ್ಗೆ ಕೊಡಗಿನವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ಮೆಣಸು ಕೊಯ್ಯುವಾಗ, ಮರ ಕಪಾತು ಮಾಡುವಾಗ ಅಲ್ಯುಮಿನಿಯಂ ಏಣಿ ಲೈನಿಗೆ ತಾಗಿ ತೋಟಗಳಲ್ಲಿ ಎಷ್ಟು ಜನ ಹೋಗಿದ್ದಾರೆ ಅಂತ ನಾವೆಲ್ಲ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಸಂಘದ ಕಟ್ಟಡದ ಮೇಲೋ ಪಕ್ಕದಲ್ಲೋ ಲೈನ್ ಹಾದುಹೋಗಿದ್ದರೆ ಅದನ್ನು ಗುತ್ತಿಗೆದಾರರಿಗೆ ಮೊದಲೇ ತೋರಿಸಿ. ತೋಟದಿಂದ ಏಣಿ ತಂದುಕೊಡುವ ಉಪಕಾರ ಬೇಡ. ಅವರದ್ದೇ ಫೈಬರ್ ಏಣಿ ತರಲಿ. ಲೈನ್ ತೀರಾ ಹತ್ತಿರ ಇದ್ದರೆ ಸೆಸ್ಕ್‌ಗೆ ಬರೆದುಕೊಟ್ಟು ಲೈನ್ ಆಫ್ ಮಾಡಿಸಿಯೇ ಕೆಲಸ ಮಾಡಿಸಿ.

7. ಜನರೇಟರ್, ಯುಪಿಎಸ್ ಇದ್ದರೆ

ಮಳೆಗಾಲದಲ್ಲಿ ಭಾಗಮಂಡಲ, ನಾಪೋಕ್ಲು, ಶ್ರೀಮಂಗಲ ಕಡೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಜನರೇಟರ್ ಬೇಕಾಗುತ್ತದೆ, ಸರಿ. ಅದನ್ನು ಜೋಡಿಸುವ ರೀತಿ ಮಾತ್ರ ಕೆಲವು ಕಡೆ ನೋಡಿದರೆ ಭಯ ಆಗುತ್ತದೆ. ಎರಡೂ ತುದಿಗೆ ಪಿನ್ ಇರುವ ಒಂದು ವೈರ್. ಒಂದು ತುದಿ ಜನರೇಟರ್‌ಗೆ, ಇನ್ನೊಂದು ಗೋಡೆಯ ಪ್ಲಗ್ಗಿಗೆ. ಇಡೀ ಹಾಲ್‌ಗೆ ಲೈಟ್ ಬರುತ್ತದೆ, ಎಲ್ಲರಿಗೂ ಖುಷಿ.

ಆ ಕರೆಂಟ್ ಹಾಲ್‌ನಲ್ಲೇ ನಿಲ್ಲುವುದಿಲ್ಲ. ಮೇನ್ ಆಫ್ ಮಾಡಲು ಮರೆತರೆ ಮೀಟರ್ ದಾಟಿ ಹಿಂದಕ್ಕೆ ಲೈನಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಉಲ್ಟಾ ಹೊಕ್ಕರೆ 230 ವೋಲ್ಟ್ ಹೋಗಿ ಸಾವಿರಾರು ವೋಲ್ಟ್ ಆಗುತ್ತದೆ. ಅದೇ ಹೊತ್ತಿಗೆ ಮಳೆಯಲ್ಲಿ ನೆನೆಯುತ್ತಾ, ಲೈನ್ ಆಫ್ ಇದೆ ಅಂತ ನಂಬಿ, ಒಬ್ಬ ಲೈನ್‌ಮನ್ ನಮಗೋಸ್ಕರ ಕಂಬ ಹತ್ತಿರುತ್ತಾನೆ.

ಹಾಗಾಗಿ ಚೇಂಜ್ ಓವರ್ ಸ್ವಿಚ್ ಕಡ್ಡಾಯ ಅಂತ ಇಟ್ಟುಕೊಳ್ಳಿ. ಒಂದು ಕಡೆ ಸೆಸ್ಕ್, ಇನ್ನೊಂದು ಕಡೆ ಜನರೇಟರ್, ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇರಬಾರದು. ಜನರೇಟರ್ ಬಾಡಿಗೆಗೆ ತರುವುದಾದರೂ ಅದನ್ನು ಸೇರಿಸಲು ಹೊರಗೋಡೆಯಲ್ಲಿ ಒಂದು ಸರಿಯಾದ ಜಾಗ ಈಗಲೇ ಮಾಡಿಸಿಡಿ. ಜನರೇಟರ್‌ಗೂ ಅರ್ಥಿಂಗ್ ಬೇಕು. ಸ್ವಂತಕ್ಕೆ ದೊಡ್ಡದನ್ನೇ ಕೊಳ್ಳುವುದಾದರೆ ಪರಿವೀಕ್ಷಣಾಲಯದ ಒಪ್ಪಿಗೆ ಬೇಕಾ ಅಂತ ಗುತ್ತಿಗೆದಾರರ ಹತ್ತಿರ ಮೊದಲೇ ಕೇಳಿ. ಮಳೆ ಬರುತ್ತದೆ ಅಂತ ಅದನ್ನು ಒಳಗಿಟ್ಟು ಬಾಗಿಲು ಹಾಕುವುದಂತೂ ಬೇಡವೇ ಬೇಡ, ಹೊಗೆಯಲ್ಲಿ ವಾಸನೆ ಇಲ್ಲದ ವಿಷವೂ ಇರುತ್ತದೆ.

8. ಕೆಲಸ ಒಪ್ಪಿಸಿಕೊಳ್ಳುವ ದಿನ

ಸಾಮಾನ್ಯವಾಗಿ ಏನಾಗುತ್ತದೆ? ಎಲ್ಲ ಲೈಟ್ ಹಾಕುತ್ತಾರೆ, ಎಲ್ಲವೂ ಉರಿಯುತ್ತವೆ, ಚಹಾ ಕುಡಿದು ಚೆಕ್ ಕೊಡುತ್ತೇವೆ. ಲೈಟ್ ಉರಿಯುವುದು ವೈರಿಂಗ್ ಸರಿ ಇದೆ ಅನ್ನಲು ಸಾಕ್ಷಿ ಅಲ್ಲ. ಅರ್ಥಿಂಗ್ ಪೂರ್ತಿ ಇಲ್ಲದೆಯೂ ಲೈಟ್ ಚೆನ್ನಾಗಿಯೇ ಉರಿಯುತ್ತದೆ.

ಅವತ್ತು ಸಮಿತಿಯ ಇಬ್ಬರು ಪಕ್ಕದಲ್ಲಿ ನಿಂತು ನೋಡಿ. ಮೊದಲು ಮೆಗ್ಗರ್ ಟೆಸ್ಟ್. ಮೇನ್ ಆಫ್ ಮಾಡಿ, ವೈರ್‌ಗಳ ನಡುವೆ ಮತ್ತು ವೈರ್‌ಗೂ ಅರ್ಥ್‌ಗೂ ನಡುವೆ ಇನ್ಸುಲೇಷನ್ ಎಷ್ಟು ಗಟ್ಟಿ ಇದೆ ಅಂತ 500 ವೋಲ್ಟ್‌ನಲ್ಲಿ ಅಳೆಯುತ್ತಾರೆ. ಒಂದು ಮೆಗಾಓಮ್‌ಗಿಂತ ಕೆಳಗಿದ್ದರೆ ಎಲ್ಲೋ ತೊಂದರೆ ಇದೆ. ಹೊಸ ವೈರಿಂಗ್‌ನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬರಬೇಕು. ಆಮೇಲೆ ಅರ್ಥ್ ಟೆಸ್ಟರ್‌ನಲ್ಲಿ ಅರ್ಥಿಂಗ್ ಅಳೆಸಿ. ಎಷ್ಟು ಓಮ್ ಬಂತು ಅಂತ ನೀವೇ ಓದಿ ಬರೆದುಕೊಳ್ಳಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿಸಿ, ಥಟ್ ಅಂತ ಬೀಳಬೇಕು. ಕೊನೆಗೆ ಪ್ರತಿ ಪ್ಲಗ್‌ನಲ್ಲಿ ಫೇಸ್ (ಕರೆಂಟ್ ಬರುವ ವೈರ್), ನ್ಯೂಟ್ರಲ್, ಅರ್ಥ್ ಸರಿಯಾದ ಜಾಗದಲ್ಲಿವೆಯಾ ನೋಡಿಸಿ.

ಅಳೆಯುವುದಕ್ಕೂ ಕಾಲ ಇದೆ, ಇದನ್ನು ಹೆಚ್ಚಿನವರು ಹೇಳುವುದಿಲ್ಲ. ಮಣ್ಣು ಒಣಗಿದಷ್ಟೂ ಅರ್ಥಿಂಗ್ ಕೆಡುತ್ತದೆ. ಜುಲೈಯಲ್ಲಿ ನೆಲ ನೆನೆದಿರುವಾಗ ಅಳೆದರೆ ಎಂಥ ಅರ್ಥಿಂಗ್ ಗುಂಡಿಯೂ ಪಾಸ್ ಆಗುತ್ತದೆ. ಮಾರ್ಚ್‌ನಲ್ಲಿ ಅಳೆದರೆ ನಿಜ ಗೊತ್ತಾಗುತ್ತದೆ. ಮೆಗ್ಗರ್‌ನದ್ದು ಇದಕ್ಕೆ ಉಲ್ಟಾ. ಮಾರ್ಚ್‌ನಲ್ಲಿ ಗೋಡೆ ಒಣಗಿರುತ್ತದೆ, ಎಲ್ಲವೂ ಚೆನ್ನಾಗಿ ಕಾಣುತ್ತದೆ. ಗೋಡೆ ಬೆವರಿ, ಬೋರ್ಡಿನ ಹಿಂದೆ ಬೂಷ್ಟು ಹಿಡಿಯುವ ಜುಲೈಯಲ್ಲಿ ಅದೇ ವೈರ್ ಬೇರೆ ಲೆಕ್ಕ ತೋರಿಸುತ್ತದೆ. ಕೊಟೇಶನ್‌ನಲ್ಲೇ "ಮಳೆಗಾಲದಲ್ಲಿ ಒಮ್ಮೆ ಬಂದು ಮೆಗ್ಗರ್ ಟೆಸ್ಟ್ ಮಾಡಿಕೊಡಬೇಕು" ಅಂತ ಒಂದು ಸಾಲು ಸೇರಿಸಿಬಿಡಿ. ಕೊನೆಯ ಕಂತಿನಲ್ಲಿ ಸ್ವಲ್ಪವನ್ನು ಅಲ್ಲಿಯವರೆಗೆ ಹಿಡಿದಿಟ್ಟುಕೊಂಡರೂ ತಪ್ಪಿಲ್ಲ, ಮೊದಲೇ ಮಾತಾಡಿಕೊಂಡಿರಬೇಕು ಅಷ್ಟೇ.

ಕೈಗೆ ಬರಬೇಕಾದ ಕಾಗದಗಳು: ಕೆಲಸ ಮುಗಿದ ವರದಿ, ಟೆಸ್ಟ್ ಅಳತೆಗಳು, ವೈರಿಂಗ್ ನಕ್ಷೆ, ಲೈಸೆನ್ಸಿನ ಪ್ರತಿ, ಬಿಲ್, ಆರ್‌ಸಿಸಿಬಿಯಂಥ ವಸ್ತುಗಳ ವಾರಂಟಿ ಕಾರ್ಡ್. ಗೋಡೆ ಪ್ಲಾಸ್ಟರ್ ಮಾಡುವ ಮೊದಲು ಪೈಪ್ ಹೋದ ದಾರಿಯ ಫೋಟೋ ತೆಗೆದಿದ್ದರೆ ಅದನ್ನೂ ಪ್ರಿಂಟ್ ಹಾಕಿಸಿ ಸೇರಿಸಿ. ಮುಂದಿನ ಸಮಿತಿಯವರು ಬ್ಯಾನರ್‌ಗೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ಡಿಸ್ಟ್ರಿಬ್ಯೂಷನ್ ಬೋರ್ಡಿನ ಪ್ರತಿ ಎಂಸಿಬಿ ಕೆಳಗೆ ಅದು ಯಾವುದರದ್ದು ಅಂತ ಕನ್ನಡದಲ್ಲೇ ಬರೆಸಿ. "ಅಡುಗೆಮನೆ ಪ್ಲಗ್", "ಸ್ಟೇಜ್ ಲೈಟ್", ಇಷ್ಟು ಸಾಕು.

9. ಹಬ್ಬದ ಲೈಟು, ಪೆಂಡಾಲು

ಮಡಿಕೇರಿ ದಸರಾದ ದಶಮಂಟಪಗಳ ಝಗಮಗ ನೋಡಿ ಬೆಳೆದವರು ನಾವು. ಊರಿನ ಗಣೇಶನಿಗೂ ಅಷ್ಟೇ ಲೈಟ್ ಬೇಕು ಅನ್ನಿಸುತ್ತದೆ. ತಾತ್ಕಾಲಿಕ ಅಂದ ಮಾತ್ರಕ್ಕೆ ನಿಯಮ ಸಡಿಲ ಆಗುವುದಿಲ್ಲ. ಹೊರಗೆ ಪೆಂಡಾಲ್ ಹಾಕುವುದಾದರೆ ಸೆಸ್ಕ್‌ನಲ್ಲಿ ತಾತ್ಕಾಲಿಕ ಸಂಪರ್ಕ ಸಿಗುತ್ತದೆ, ಅರ್ಜಿ ಹಾಕಿ. ಕಂಬದ ಲೈನಿಗೆ ಕೊಕ್ಕೆ ಹಾಕುವುದು ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಕಳ್ಳತನ, ದೇವರ ಕೆಲಸಕ್ಕೆ ಆದರೂ ಅಷ್ಟೇ.

ಲೈಟಿಂಗ್‌ನವರು ತಂದ ವೈರ್‌ನಲ್ಲಿ ಎಷ್ಟು ಜಾಯಿಂಟ್ ಇದೆ ನೋಡಿ. ಟೇಪ್ ಸುತ್ತಿದ ಜಾಯಿಂಟ್ ಹುಲ್ಲಿನ ಮೇಲೆ ಬಿದ್ದಿರಬಾರದು, ಕಬ್ಬಿಣದ ಕಂಬಕ್ಕೂ ಶೀಟಿಗೂ ತಾಗಬಾರದು. ಅವರ ಲೈನೂ ಆರ್‌ಸಿಸಿಬಿ ಮೂಲಕವೇ ಹೋಗಲಿ. ಆಗಾಗ ಬೀಳುತ್ತದೆ ಅಂತ ಅದನ್ನು ಬೈಪಾಸ್ ಮಾಡಲು ಬಂದರೆ ಬಿಡಬೇಡಿ. ಅದು ಬೀಳುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

10. ಅನಾಹುತ ಆದರೆ

ಶಾಕ್ ಹೊಡೆದವರನ್ನು ಬರಿಗೈಯಲ್ಲಿ ಎಳೆಯಬೇಡಿ, ಮೊದಲು ಮೇನ್ ಆಫ್ ಮಾಡಿ. 108ಕ್ಕೆ ಫೋನ್ ಮಾಡಿ. ಲೈನ್ ತುಂಡಾಗಿ ಬಿದ್ದಿದ್ದರೆ ಹತ್ತಿರ ಹೋಗದೆ, ಜನ ಮತ್ತು ದನಗಳನ್ನು ದೂರ ಇಟ್ಟು, 1912ಕ್ಕೆ ತಿಳಿಸಿ. ಪ್ರಾಣಹಾನಿ ಅಥವಾ ಗಾಯ ಆಗಿದ್ದರೆ ವಿದ್ಯುತ್ ಪರಿವೀಕ್ಷಕರಿಗೆ 24 ಗಂಟೆಯೊಳಗೆ ವರದಿ ಹೋಗಬೇಕು. ಅವರು ಬಂದು ನೋಡುವ ಮೊದಲು ವೈರ್ ಬಿಚ್ಚಿ ಸರಿ ಮಾಡಲು ಹೋಗಬೇಡಿ. ಈ ನಂಬರ್‌ಗಳನ್ನು, ಗುತ್ತಿಗೆದಾರರ ನಂಬರ್ ಸಮೇತ, ಮೀಟರ್ ಬೋರ್ಡಿನ ಪಕ್ಕ ದೊಡ್ಡದಾಗಿ ಬರೆದು ಅಂಟಿಸಿ.

11. ವರ್ಷಕ್ಕೆ ಮಾಡಬೇಕಾದದ್ದು

ಮಹಾಸಭೆಯಲ್ಲಿ ಹೊಸ ಸಮಿತಿಗೆ ಪಾಸ್‌ಬುಕ್, ಬೀಗದ ಕೀ ಒಪ್ಪಿಸುವಾಗ ಈ ಕರೆಂಟ್ ಫೈಲನ್ನೂ ಒಪ್ಪಿಸಿ, ಒಪ್ಪಿಸಿದ್ದೇವೆ ಅಂತ ನಡಾವಳಿಯಲ್ಲಿ ಬರೆಯಿರಿ. ಮಾರ್ಚ್‌ನಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿಸಿ, ಹಾಕುವ ಮೊದಲೇ ಒಮ್ಮೆ ಅಳೆಸಿ. ಮಳೆ ಹಿಡಿಯುವ ಮೊದಲು ಲೈನಿಗೆ ತಾಗುವ ಕೊಂಬೆ ಇದ್ದರೆ ಸೆಸ್ಕ್‌ಗೆ ಬರೆದುಕೊಡಿ, ನೀವೇ ಕತ್ತಿ ಹಿಡಿದು ಮರ ಹತ್ತಬೇಡಿ. ಇಲಿ ಕಚ್ಚಿದ ವೈರ್ ಇದೆಯಾ ಅಂತ ಸೀಲಿಂಗ್ ಮೇಲೆ ಟಾರ್ಚ್ ಹಾಕಿ ನೋಡಿಸಿ.

ಆರ್‌ಸಿಸಿಬಿಯ ಟೆಸ್ಟ್ ಬಟನ್ ಮೂರು ತಿಂಗಳಿಗೊಮ್ಮೆ ಒತ್ತಬೇಕು. ಅದಕ್ಕೆ ಲೈಸೆನ್ಸ್ ಬೇಡ, ಹಾಲ್ ನೋಡಿಕೊಳ್ಳುವವರೇ ಒತ್ತಬಹುದು. ದಿನಾಂಕ ಬರೆಯಲು ಬೋರ್ಡಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿಡಿ. ಬಟನ್ ಒತ್ತಿದಾಗ ಬೀಳದಿದ್ದರೆ ಅದು ಕೆಟ್ಟಿದೆ. ಗುತ್ತಿಗೆದಾರರು ಬಂದು ಬದಲಿಸುವವರೆಗೆ ಆ ಲೈನ್ ಆಫ್ ಇರಲಿ, ಬುಕಿಂಗ್ ಇದ್ದರೂ ಸರಿ.